ಬೇಕೆಂದೇ ಹೀಗೆ ಸೇರಿಸಿದ್ದು

ಅವರ ಹೆಸರು ಬರೆಯುವುದಿಲ್ಲ. ಕಳಸದಲ್ಲಿ ಅಂಗಡಿ ಹಾಕಿಕೊಂಡು ಕೂತಾಗ ಅವರೂ ಬೋರ್ಡಿನ ಮೇಲೆ 'ರೇಡಿಯೋ ಟಿ.ವಿ. ರಿಪೇರಿ' ಎಂದಷ್ಟೇ ಬರೆಸಿದ್ದರು. "ಕೆಟ್ಟಿರೋದು ರೇಡಿಯೋ, ನನ್ನ ಹೆಸರು ಎಂತಕ್ಕೆ?" ಅನ್ನುತ್ತಿದ್ದರು. ಮೊದಲು ಕುದುರೆಮುಖದಲ್ಲಿ ಅಂಗಡಿ ಇತ್ತು, ಅಲ್ಲಿಂದ ಬಂದವರು, ಹಾಗಾಗಿ ಎಲ್ಲರ ಬಾಯಲ್ಲೂ ಕುದುರೆಮುಖದವರು. ನನ್ನ ಬಾಯಲ್ಲೂ ಅಷ್ಟೇ.

ಈಗ ಅವರಿಲ್ಲ. ಸತ್ತ ಮೇಲೆ ಎಲ್ಲರನ್ನೂ ದೇವರಂಥವರು ಅನ್ನುವುದು ಒಂದು ರೂಢಿ. ಇವರು ದೇವರಂಥವರೇನಲ್ಲ. ಹೇಳಿದ ದಿನ ಬಂದವರಲ್ಲ. ಬಂದರೆ ಎದ್ದು ಹೋಗುವವರಲ್ಲ. ಕಾಫಿಗೆ ನಾಲ್ಕು ಚಮಚ ಸಕ್ಕರೆ ಹಾಕಿಸಿಕೊಂಡು, ಆಮೇಲೆ ಕಾಫಿ ಪುಡಿ ಸರಿಯಿಲ್ಲ ಎಂದು ಕಾಫಿ ಬೆಳೆಯುವವರ ಮನೆಯಲ್ಲೇ ಹೇಳುತ್ತಿದ್ದರು. ಆದರೆ ನಾನು ಅವರಿಗೊಂದು ಅನ್ಯಾಯ ಮಾಡಿದ್ದೇನೆ. ಅದನ್ನು ಹೇಳದೆ ಅವರ ಗುಣಗಾನ ಮಾಡಿದರೆ ಆ ಮನುಷ್ಯ ಅಲ್ಲಿಂದಲೇ ಬೈಯುತ್ತಾರೆ.

ನಮ್ಮ ಮನೆ ಸಂಸೆಗೂ ಕಳಸಕ್ಕೂ ನಡುವೆ. ಅವರನ್ನು ನಾನು ಮೊದಲು ನೋಡಿದ್ದು ನಮ್ಮ ಯಜಮಾನರು ಇದ್ದಾಗ, ತೊಂಬತ್ತನೇ ಇಸವಿಯ ಆಚೀಚೆ. ರೇಡಿಯೋ ಕೆಟ್ಟಿತ್ತು. ಕುದುರೆಮುಖದಲ್ಲಿ ಒಬ್ಬರು ಒಳ್ಳೆ ರಿಪೇರಿಯವರಿದ್ದಾರೆ ಎಂದು ಯಾರೋ ಹೇಳಿದರು, ಬಸ್ಸು ಹತ್ತಿ ಹೋದೆವು. ಸಣ್ಣಾಳು, ಸಪೂರ. ಬಿಳಿ ಅಂಟುಪಟ್ಟಿಯ ಸುರುಳಿಯನ್ನು ಬಳೆಯ ಹಾಗೆ ಎಡಗೈಗೆ ಹಾಕಿಕೊಂಡಿದ್ದರು. ರೇಡಿಯೋ ಮೇಜಿನ ಮೇಲಿಟ್ಟ ಕೂಡಲೇ ತಿರುಪುಳಿ ತೆಗೆದುಕೊಳ್ಳುತ್ತಾರೆ ಎಂದುಕೊಂಡರೆ, ರೇಡಿಯೋ ಹಾಕಿ, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು ಕಣ್ಣುಮುಚ್ಚಿ ಕೂತುಬಿಟ್ಟರು. ಕಾಲು ಗಂಟೆ.

"ಬಿಚ್ಚಲ್ವಾ?" ಎಂದೆ.

"ಮೊದಲು ಕೇಳಬೇಕು ಅಮ್ಮ, ಆಮೇಲೆ ಬಿಚ್ಚಬೇಕು. ಡಾಕ್ಟ್ರು ನಾವು ಹೋದ ಕೂಡಲೇ ಕೊಯ್ತಾರಾ?"

"ನಮ್ಮ ಡಾಕ್ಟ್ರು ಕೇಳೋದೂ ಇಲ್ಲ, ಕೊಯ್ಯೋದೂ ಇಲ್ಲ. ಗುಳಿಗೆ ಬರೀತಾರೆ."

ಅವರು ನಗಲಿಲ್ಲ. "ಈಗ ಸಣ್ಣಗೆ ಸಿಳ್ಳೆ ಹೊಡೆದ ಹಾಗೆ ಕೇಳ್ತಿದೆಯಾ ನೋಡಿ" ಎಂದರು. ಕೇಳುತ್ತಿತ್ತು. ನನ್ನನ್ನು ಯಾಕೆ ಕೇಳುತ್ತೀರಿ ಎಂದದ್ದಕ್ಕೆ ತಮ್ಮ ಕಿವಿ ಮುಟ್ಟಿ ತೋರಿಸಿದರು. ಕುದುರೆಮುಖಕ್ಕೆ ಬರುವ ಮೊದಲು ಬಯಲುಸೀಮೆಯಲ್ಲಿ ಎಲ್ಲೋ ಒಂದು ಬಟ್ಟೆ ಮಿಲ್ಲಿನಲ್ಲಿ ಮಗ್ಗಗಳ ಮೆಕ್ಯಾನಿಕ್ ಆಗಿದ್ದರಂತೆ. ನೂರಾರು ಮಗ್ಗಗಳ ಸದ್ದಿಗೆ ಕಿವಿಯಲ್ಲಿ ಸಣ್ಣ ಸದ್ದುಗಳು ಹೋದವು. ಮಾತು ಕೇಳುತ್ತದೆ, ಗುಡುಗು ಕೇಳುತ್ತದೆ, ಸೊಳ್ಳೆ ಕೇಳುವುದಿಲ್ಲ. "ಗುಬ್ಬಿ ನನ್ನ ಪಾಲಿಗೆ ಸತ್ತು ಹದಿನೈದು ವರ್ಷ ಆಯ್ತು" ಎಂದರು, ಬಸ್ಸು ತಪ್ಪಿತು ಅನ್ನುವಷ್ಟೇ ಸಲೀಸಾಗಿ. ಅದಕ್ಕೇ ಯಾವ ಸಾಮಾನು ರಿಪೇರಿಗೆ ಬಂದರೂ ತಂದವರ ಕಿವಿಯನ್ನೂ ಕೂರಿಸಿಕೊಂಡೇ ಕೆಲಸ ಮಾಡುತ್ತಿದ್ದರು. ಸಾಮಾನು ಬಿಟ್ಟು ಹೋಗುತ್ತೇನೆ ಎಂದವರಿಗೆ ಬೈಗುಳ.

ಇನ್ನೊಂದು ಅಭ್ಯಾಸ, ಆ ಬಿಳಿ ಪಟ್ಟಿ. ಮುಟ್ಟಿದ ಸಾಮಾನಿಗೆಲ್ಲ ಅದರ ತುಂಡೊಂದನ್ನು ಅಂಟಿಸಿ, ಕಪ್ಪು ಪೆನ್ನಿನಲ್ಲಿ ಶಾಲೆಯ ಬೋರ್ಡಿನ ಹಾಗೆ ದಪ್ಪಗೆ ಬರೆಯುತ್ತಿದ್ದರು. ನಮ್ಮ ರೇಡಿಯೋಕ್ಕೆ 'ಈ ತಿರುಪು ಗಟ್ಟಿ ಮಾಡಬೇಡಿ' ಎಂದು ಬರೆದರು. ನಮ್ಮ ಮಿಕ್ಸಿಗೆ ಬರೆದದ್ದು: 'ಮೋಟಾರಿಗೆ ನೀರು ಬಿಟ್ಟವರು ನನ್ನ ಹತ್ತಿರ ಬರಬೇಡಿ.' ನಾಲ್ಕನೇ ಕ್ಲಾಸು ಓದಿದ ನಾನೂ ಅಡುಗೆಮನೆಯ ಆ ಮೂಲೆಯಿಂದ ಓದಬಹುದಿತ್ತು. "ನಾನು ನಾಳೆ ಇರ್ತೀನೋ ಇಲ್ವೋ. ಮುಂದೆ ಬಿಚ್ಚುವವನಿಗೆ ನಾನು ಎಂತ ಮಾಡಿದೀನಿ ಅಂತ ಗೊತ್ತಾಗಬೇಕಲ್ಲ" ಅನ್ನುತ್ತಿದ್ದರು.

ಆಮೇಲೆ ಯಜಮಾನರು ತೀರಿಕೊಂಡರು. ಪಲ್ಪರ್ ಮನೆ ನನ್ನ ಕೈಗೆ ಬಂತು. ಗೊತ್ತಿಲ್ಲದವರಿಗೆ ಹೇಳಬೇಕು: ಕೊಯ್ದು ತಂದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಪಲ್ಪರ್ ಅನ್ನುತ್ತೇವೆ. ಅದರ ತಿರುಪು ಒಂದು ಕೂದಲೆಳೆ ಬಿಗಿಯಾದರೂ ಬೀಜ ಕೊಯ್ದು ಹೋಗುತ್ತದೆ. ಸಡಿಲವಾದರೆ ಸಿಪ್ಪೆಯೂ ಬೀಜದ ಜೊತೆ ಇಳಿಯುತ್ತದೆ. ನೋಡಿ ತಿಳಿಯುವ ಹೊತ್ತಿಗೆ ಅರ್ಧ ಮೂಟೆ ಹಾಳಾಗಿರುತ್ತದೆ. ಕೇಳಿ ತಿಳಿಯಬೇಕು. ಸರಿಯಿದ್ದರೆ ಹಸು ಹುಲ್ಲು ಮೆಲ್ಲುವ ಸದ್ದು. ಬಿಗಿಯಾದರೆ ಹಲ್ಲು ಕಡಿದ ಸದ್ದು. ಅದು ನನಗೆ ಗೊತ್ತಿತ್ತು, ನನ್ನ ಮಗನಿಗೆ ಗೊತ್ತಿರಲಿಲ್ಲ. ತೋಟ ಅವನದ್ದು, ಆಳುಗಳು ಅವನ ಮಾತು ಕೇಳುವವರು, ಅಡುಗೆಮನೆ ಸೊಸೆಯದ್ದು. ಪಲ್ಪರ್ ಮನೆಯೊಂದು ನನ್ನದು. ಸೀಸನ್ನಿನ ಮೂರು ತಿಂಗಳು ನಾನು ಆ ಮನೆಯಲ್ಲಿ ಒಬ್ಬಳು ಮನುಷ್ಯಳು. ಉಳಿದ ಒಂಬತ್ತು ತಿಂಗಳು ಮುದುಕಿ.

ಯಜಮಾನರು ಹೋಗಿ ಎರಡು ವರ್ಷಕ್ಕೆ ಒಂದು ಜ್ವರ ಬಂತು. ಜ್ವರ ಹೋಗುವಾಗ ಬಲಗಿವಿಯನ್ನೂ ತೆಗೆದುಕೊಂಡು ಹೋಯಿತು. ಯಾರಿಗೂ ಹೇಳಲಿಲ್ಲ. ಪಲ್ಪರ್ ಎಡಕ್ಕೆ ಬರುವ ಹಾಗೆ ನಿಲ್ಲುವುದನ್ನು ಕಲಿತೆ. ಊಟಕ್ಕೆ ಕೂರುವಾಗ ಬಲಕ್ಕೆ ಗೋಡೆ ಬರುವ ಹಾಗೆ ಕೂತೆ. ಹೇಳಿದರೆ ಮೊದಲು ಆಗುವುದು ಏನೆಂದು ಗೊತ್ತಿತ್ತು. ಬೆಲ್ಟು ತಿರುಗುವ ಜಾಗ, ಒಂದು ಕಿವಿಯ ಮುದುಕಿಯನ್ನು ಯಾರು ಅಲ್ಲಿ ಬಿಡುತ್ತಾರೆ?

ಹೀಗಿರುವಾಗ ಕುದುರೆಮುಖದಲ್ಲಿ ಗಣಿ ನಿಂತಿತು. ಟೌನ್‌ಶಿಪ್ಪಿನ ಮನೆಗಳು ಒಂದೊಂದಾಗಿ ಖಾಲಿಯಾದವು. ಹೋಗುವವರು ಕಟ್ಟಿಕೊಂಡು ಹೋಗಲಾಗದ್ದನ್ನೆಲ್ಲ ಕೊಟ್ಟು ಹೋದರು. ಸೋಫಾ ತರುತ್ತೇನೆಂದು ಜೀಪು ತೆಗೆದುಕೊಂಡು ಹೋದ ನನ್ನ ಮಗ ಯಾರೋ ಆಫೀಸರ ಹೋಂ ಥಿಯೇಟರ್ ತಂದ. ಕಬ್ಬಿಣದ ಪೆಟ್ಟಿಗೆಯಷ್ಟು ಭಾರದ ಒಂದು ಆಂಪ್ಲಿಫೈಯರ್, ಅದಕ್ಕೆ ರಿಸೀವರ್ ಅನ್ನಬೇಕಂತೆ. ಐದು ಸಣ್ಣ ಸ್ಪೀಕರ್, ಒಂದು ದೊಡ್ಡ ಕರಿ ಪೆಟ್ಟಿಗೆ. ಆ ಕರಿ ಪೆಟ್ಟಿಗೆಯನ್ನು ತಬ್ಬಿಕೊಂಡು ಜೀಪಿನ ಹಿಂದೆ ಕುದುರೆಮುಖದವರು ಕೂತಿದ್ದರು. ಅವರೂ ಅದೇ ವಾರ ಅಂಗಡಿ ಎತ್ತಿ ಕಳಸಕ್ಕೆ ಬಂದಿದ್ದರು.

"ಸೋಫಾ ಎಲ್ಲೋ?" ಎಂದೆ.

"ಇದು ಸಿಕ್ತು ಅಮ್ಮ" ಎಂದ ಮಗ.

"ಇದರ ಮೇಲೆ ಕೂರಕ್ಕಾಗತ್ತಾ?"

"ಇದರ ಮೇಲೆ ಕೂರಬೇಡಿ ಅಮ್ಮ, ಇದರ ಎದುರು ಕೂರಿ" ಎಂದರು ಅವರು ಜೀಪಿನೊಳಗಿಂದಲೇ. ಇಳಿದವರು ಮೊದಲು ಕೇಳಿದ್ದು ಕಾಫಿ.

ಮಗನಿಗೆ ಬೇಕಿದ್ದದ್ದು ಇಷ್ಟು. ಆಫೀಸು ಕೋಣೆಯಲ್ಲಿ ಅವನದ್ದೊಂದು ಕಂಪ್ಯೂಟರ್ ಇತ್ತು. ಯಾರೋ ಅದಕ್ಕೆ ಹಾಡು, ತಾಳಮದ್ದಲೆ ಎಲ್ಲ ತುಂಬಿಸಿ ಕೊಟ್ಟಿದ್ದರು. ಅದರ ಸ್ಪೀಕರ್ ಅಂಗೈಯಗಲದ್ದು, ಭಾಗವತರು ಡಬ್ಬದೊಳಗೆ ಕೂತು ಹಾಡಿದ ಹಾಗೆ ಕೇಳುತ್ತಿತ್ತು. ಕಂಪ್ಯೂಟರಿನ ಹಾಡು ಹಾಲಿನಲ್ಲಿರುವ ರಿಸೀವರಿಗೆ ಬರಬೇಕು, ಮನೆಯೆಲ್ಲ ಕೇಳಬೇಕು.

"ಅಷ್ಟೇ ತಾನೆ, ಒಂದು ವೈರ್" ಎಂದರು ಕುದುರೆಮುಖದವರು. ಆ ಒಂದು ವೈರಿಗೆ ನಾಲ್ಕು ದಿನ ಬಂದರು.

ಮೊದಲ ದಿನ ಗೋಡೆಗೆ ತೂತು. ಸೊಸೆ ಮುಖ ಊದಿಸಿಕೊಂಡಳು. ಎರಡನೇ ದಿನ ವೈರ್ ಎಳೆದರು. ಒಂದು ತುದಿ ಕಂಪ್ಯೂಟರಿನ ಹಿಂದಿನ ಹಸಿರು ತೂತಿಗೆ. ಇನ್ನೊಂದು ತುದಿಯಲ್ಲಿ ಕೆಂಪು ಒಂದು ಬಿಳಿ ಒಂದು, ಎರಡು ಮೂತಿ. ಅವು ರಿಸೀವರಿನ ಹಿಂದೆ. ಕೆಂಪು ಬಲಕ್ಕೆ, ಬಿಳಿ ಎಡಕ್ಕೆ. ನಾನು ಪಕ್ಕದಲ್ಲೇ ನಿಂತು ನೋಡಿದ್ದು, ಅದಕ್ಕೇ ಇಷ್ಟು ಸರಿಯಾಗಿ ಹೇಳುತ್ತಿದ್ದೇನೆ. ಹಾಕಿದರೆ ಹಾಡಿನ ಹಿಂದೆ ಜೇನುಗೂಡು ಎದ್ದ ಹಾಗೆ 'ಗುಂಯ್' ಎಂದು ಒಂದೇ ಸಮ.

ಮೂರನೇ ದಿನ ಬಂದವರು ರಿಸೀವರಿನ ಮುಖವನ್ನೂ ನೋಡದೆ ಮನೆಯ ಹಿಂದೆ ಹೋಗಿ, ಕರೆಂಟಿನ ಅರ್ಥಿಂಗ್ ಗುಂಡಿ ಎಲ್ಲಿದೆ ಎಂದರು. ಏಪ್ರಿಲ್ ತಿಂಗಳು, ಗುಂಡಿ ಒಣಗಿ ಬಿರುಕು ಬಿಟ್ಟಿತ್ತು.

"ಒಂದು ಸೇರು ಕಲ್ಲುಪ್ಪು ತನ್ನಿ. ಆಮೇಲೆ ಎಂಟು ಕೊಡ ನೀರು."

ಸೊಸೆ ನನ್ನ ಮುಖ ನೋಡಿದಳು. "ಹಾಡು ಕೇಳಕ್ಕೆ ಗುಂಡಿಗೆ ಉಪ್ಪು ನೀರು ಹಾಕ್ಬೇಕಾ ಅತ್ತೆ? ಇವರೆಂತ ಮಾಟ ಮಾಡ್ತಾರಾ?"

"ಹಾಕು ಮಾರಾಯ್ತಿ, ಆಮೇಲೆ ಸೊಪ್ಪಾದ್ರೂ ಬೆಳೀಬಹುದು" ಎಂದೆ.

ನೀರು ಹೊಯ್ದು, ಕಂಪ್ಯೂಟರನ್ನೂ ರಿಸೀವರನ್ನೂ ಒಂದೇ ಸ್ವಿಚ್ ಬೋರ್ಡಿನಿಂದ ಎಳೆದ ಮೇಲೆ ಗುಂಯ್ ಅನ್ನುವುದು ನಿಂತಿತು. ಆ ಬೋರ್ಡಿನ ಮೇಲೂ ಪಟ್ಟಿ ಬಂತು: 'ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿ.' ಇಂದಿಗೂ ಹಾಕುತ್ತೇವೆ.

ನಾಲ್ಕನೇ ದಿನ ನನ್ನ ಗ್ರಹಚಾರ. ಮನೆಯವರೆಲ್ಲ ಅವರವರು ದಿನಾ ಕೂರುವ ಜಾಗದಲ್ಲಿ ಕೂರಬೇಕು, ಕಣ್ಣು ಮುಚ್ಚಬೇಕು, ಸದ್ದು ಬಂದ ಕಡೆಗೆ ಕೈ ತೋರಿಸಬೇಕು ಎಂದರು. ಅದು ಅವರ ಪದ್ಧತಿ, ತಮ್ಮ ಕಿವಿಯನ್ನು ಅವರು ಪೂರ್ತಿ ನಂಬುತ್ತಿರಲಿಲ್ಲವಲ್ಲ. ರಿಸೀವರಿನಲ್ಲೇ ಒಂದು ಪರೀಕ್ಷೆಯ ಸದ್ದು ಇತ್ತು, ಒಗ್ಗರಣೆ ಹಾಕಿದ ಹಾಗೆ 'ಶ್‌ಶ್' ಎಂದು ಒಂದೊಂದೇ ಸ್ಪೀಕರಿನಿಂದ ಬರುತ್ತಿತ್ತು. ಮಗ ತೋರಿಸಿದ, ಸೊಸೆ ತೋರಿಸಿದಳು. ನಾನೂ ತೋರಿಸಿದೆ. ಒಂದು ಕಿವಿ ಇರುವವರಿಗೆ ಲೋಕದ ಸದ್ದೆಲ್ಲ ಆ ಕಿವಿಯ ಕಡೆಯಿಂದಲೇ ಬರುತ್ತದೆ. ನಾನು ಐದಕ್ಕೆ ಐದೂ ಸಲ ಎಡಕ್ಕೇ ಕೈ ತೋರಿಸಿದೆನಂತೆ.

ಮಗ ನಕ್ಕ. "ಎಂತ ಅಮ್ಮ, ಬಸ್ಸಿಗೆ ಕೈ ತೋರಿಸ್ತಿದೀಯಾ?"

ನಾನು ಕಣ್ಣು ಬಿಟ್ಟೆ. ಕುದುರೆಮುಖದವರು ನನ್ನನ್ನೇ ನೋಡುತ್ತಿದ್ದರು. ಒಂದು ಗಳಿಗೆ. ಆಮೇಲೆ ತಿರುಗಿ ವೈರುಗಳ ನಡುವೆ ತಲೆ ತೂರಿಸಿದರು. "ಅಮ್ಮ ಹೇಳಿದ್ದು ಸರಿ. ನಾನೇ ವೈರ್ ಅದಲುಬದಲು ಮಾಡಿದೀನಿ ಮಾರಾಯ್ರೆ" ಎಂದರು. ಮಗನಿಗೆ ಬೇರೆ ಕೆಲಸವಿತ್ತು, ಎದ್ದು ಹೋದ. ಸೊಸೆ ಒಳಗೆ ಹೋದಳು.

"ಯಾವಾಗಿಂದ?" ಎಂದರು, ತಲೆ ಹೊರಗೆ ತೆಗೆಯದೆ.

"ಎಂತ ಯಾವಾಗಿಂದ?"

"ಬಲಗಿವಿ."

ಸುಳ್ಳು ಹೇಳೋಣ ಎನ್ನಿಸಿತು. ಆದರೆ ಗುಬ್ಬಿ ಸತ್ತಿತು ಎಂದವರ ಹತ್ತಿರ ಏನು ಸುಳ್ಳು? ಎಲ್ಲ ಹೇಳಿದೆ, ಪಲ್ಪರ್ ಮನೆಯನ್ನೂ. ಹೇಳಿ, "ಮಗನಿಗೆ ಗೊತ್ತಾದ್ರೆ ಜೋಕೆ" ಎಂದೆ.

ಅವರು ಎದ್ದು ನೇರ ಪಲ್ಪರ್ ಮನೆಗೆ ಹೋದರು. ಬೆಲ್ಟು ನೋಡಿದರು, ನಾನು ನಿಲ್ಲುವ ಜಾಗ ನೋಡಿದರು.

"ಯಂತ್ರ ಎಡಗಡೆ ಬರೋ ಹಾಗೆ ನಿಲ್ಲಬೇಕು ನೀವು."

"ಹಾಗೇ ನಿಲ್ತೀನಿ. ಅದನ್ನ ನನಗೆ ಹೇಳಿಕೊಡಬೇಡಿ."

"ಬಲಗಡೆಯಿಂದ ಯಾರಾದ್ರೂ 'ನಿಲ್ಲಿಸಿ' ಅಂತ ಕೂಗಿದ್ರೆ?"

ನಾನು ಬಲಕ್ಕೆ ತಿರುಗಿ ಬಾಗಿಲು ನೋಡಿದೆ.

"ಇಲ್ಲಿ ಒಂದು ಕೆಂಪು ಬಲ್ಬ್ ಹಾಕ್ತೀನಿ, ನಿಮ್ಮ ಕಣ್ಣೆದುರಿಗೆ. ಬಾಗಿಲ ಹತ್ತಿರ ಹಗ್ಗ. ಹಗ್ಗ ಎಳೆದ್ರೆ ಬಲ್ಬ್ ಉರಿಬೇಕು, ನೀವು ಮೋಟಾರ್ ನಿಲ್ಲಿಸಬೇಕು. ಬೆಲ್ಟಿಗೆ ಜಾಲರಿ. ಇಷ್ಟು ಒಪ್ಕೊಳ್ತೀರೋ, ಮಗನಿಗೆ ಹೇಳ್ಲೋ?"

ಹಾಗೆ ನನ್ನನ್ನು ಹೆದರಿಸಿದವರು ನನ್ನ ಗಂಡ ಸತ್ತ ಮೇಲೆ ಅವರೊಬ್ಬರೇ. ಒಪ್ಪಿದೆ. ಯಂತ್ರ ಇರುವಲ್ಲೆಲ್ಲ ಇದು ಇರಬೇಕು ಎಂದು ಮಗನಿಗೆ ಹೇಳಿ ಹಾಕಿಸಿದರು. ಹಗ್ಗದ ತುದಿಗೊಂದು ಮರದ ಚಕ್ಕೆ ಕಟ್ಟಿ ಅದರ ಮೇಲೆ ಬಿಳಿ ಪಟ್ಟಿ: 'ಕೂಗಬೇಡಿ. ಎಳೆಯಿರಿ.'

ಇನ್ನು ಹಾಲಿನ ಕಥೆ. ತಾಳಮದ್ದಲೆ ಹಾಕಿದರೆ ನನಗೆ ಅರ್ಧ ಮಾತ್ರ ಸಿಗುತ್ತಿತ್ತು. ಪಾತ್ರಗಳಾಗಿ ಎದುರುಬದುರು ಕೂತು ವಾದಿಸುತ್ತ ಅರ್ಥ ಹೇಳುವವರಲ್ಲಿ ಒಬ್ಬರ ಮಾತು ಎಡದ ಸ್ಪೀಕರಿನಿಂದ, ಎದುರಿನವರದ್ದು ಬಲದಿಂದ ಬರುವ ಹಾಗೆ ರೆಕಾರ್ಡು ಮಾಡಿದ್ದರು. ಎಡದವನು ಗುಡುಗುತ್ತಿದ್ದ, ಬಲದವನು ಕಂಬಳಿಯೊಳಗಿಂದ ಗೊಣಗಿದ ಹಾಗೆ. "ಇವನೆಂತ, ಬೈಸಿಕೊಳ್ಳಕ್ಕೇ ಬಂದವನಾ?" ಎಂದೆ. ಅವರು ಆ ವೈರನ್ನು ನಡುವೆ ಕತ್ತರಿಸಿ, ಕೆಂಪು ಬಿಳಿ ಎರಡನ್ನೂ ಒಂದು ಮಾಡಿಬಿಟ್ಟರು. ಸುಮ್ಮನೆ ತಿರುಚಲಿಲ್ಲ, ಒಂದರ ಕರೆಂಟು ಇನ್ನೊಂದಕ್ಕೆ ನುಗ್ಗದಿರಲಿ ಎಂದು ಜೀರಿಗೆಯಂಥ ಎರಡು ರೆಸಿಸ್ಟರ್ ನಡುವೆ ಕೂರಿಸಿ ಬೆಸುಗೆ ಹಾಕಿದರು. ಈಗ ಎರಡೂ ಸ್ಪೀಕರಿನಲ್ಲಿ ಎಲ್ಲ ಸದ್ದೂ ಬರುತ್ತದೆ, ಎಡದಲ್ಲೇ ಇಬ್ಬರೂ ಜಗಳಾಡುತ್ತಾರೆ.

"ಮಗನಿಗೆ ಗೊತ್ತಾಗಲ್ವಾ?"

"ಅವರಿಗೆ ಜೋರಾಗಿ ಕೇಳಿದ್ರೆ ಸಾಕು."

ರಿಸೀವರಿನ ಹಿಂದೆ ಪಟ್ಟಿ ಅಂಟಿಸಿದರು: 'ಬೇಕೆಂದೇ ಹೀಗೆ ಸೇರಿಸಿದ್ದು. ಬಿಚ್ಚಬೇಡಿ.' ಹಿಂದೆ ಹೋಗಿ ಯಾರೂ ನೋಡುವುದಿಲ್ಲ ಎಂದುಕೊಂಡೆವು.

ಆ ಮಳೆಗಾಲ ನಾನು ತಾಳಮದ್ದಲೆ ಕೇಳಿದಷ್ಟು ಜನ್ಮದಲ್ಲಿ ಕೇಳಿರಲಿಲ್ಲ.

ದೀಪಾವಳಿಗೆ ಸೊಸೆಯ ಅಣ್ಣ ಬಂದರು. ಬೊಂಬಾಯಿಯಲ್ಲಿ ಬೆಳೆದವರು, ಅಂಥ ಸಾಮಾನಿನ ಹುಚ್ಚು ಇದ್ದವರು. ಅವರು ಬರುತ್ತಾರೆ, ನಮ್ಮ ಹೋಂ ಥಿಯೇಟರ್ ತೋರಿಸಬೇಕು ಎಂದು ಮಗ ವಾರದಿಂದ ಕುಣಿಯುತ್ತಿದ್ದ. ಅವರು ಬರುವ ಹಿಂದಿನ ದಿನ ನಾನು ಧೂಳು ಒರೆಸುವ ನೆಪದಲ್ಲಿ ರಿಸೀವರಿನ ಹಿಂದೆ ಹೋದೆ. ನೆಂಟರು ಹಿಂದೆ ನೋಡದೆ ಬಿಡುವವರಲ್ಲ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ಮಗನಿಗೆ ಬರುತ್ತದೆ. 'ಬೇಕೆಂದೇ' ಎಂದು ಓದಿದರೆ ಯಾಕೆ ಎಂದು ಕೇಳುತ್ತಾನೆ. ಯಾಕೆ ಎಂದು ಹುಡುಕಿದರೆ ನನ್ನ ಕಿವಿಗೆ ಬಂದು ನಿಲ್ಲುತ್ತಾನೆ. ಹಣ್ಣು ಕೆಂಪಾಗಿತ್ತು, ಇನ್ನು ಎರಡು ವಾರಕ್ಕೆ ಪಲ್ಪರ್ ಶುರು.

ಪಟ್ಟಿಯನ್ನು ಕಿತ್ತೆ. ಎಸೆಯಲು ಮನಸ್ಸು ಬರಲಿಲ್ಲ, ನನ್ನ ಎಲೆಯಡಿಕೆ ಡಬ್ಬದ ಮುಚ್ಚಳದೊಳಗೆ ಅಂಟಿಸಿದೆ.

ನಾನಂದುಕೊಂಡ ಹಾಗೇ ಆಯಿತು. ನೆಂಟರು ಒಂದು ಹಾಡು ಹಾಕಿ, ಹುಬ್ಬು ಗಂಟಿಕ್ಕಿ, ಎಡಕ್ಕೆ ಹೋಗಿ ಕೇಳಿ, ಬಲಕ್ಕೆ ಹೋಗಿ ಕೇಳಿ, "ಭಾವ, ಎರಡೂ ಕಡೆ ಒಂದೇ ಬರ್ತಾ ಇದೆ" ಎಂದರು. ಹಿಂದೆ ನೋಡಿ ಜೋರಾಗಿ ನಕ್ಕರು. "ಲೆಫ್ಟ್ ರೈಟ್ ಎರಡನ್ನೂ ಒಟ್ಟಿಗೆ ಕಟ್ಟಿಹಾಕಿದಾನೆ! ಯಾವ ಗಮಾರ ಮಾಡಿದ್ದು ಇದನ್ನ? ಸ್ಕೂಲ್ ಹುಡುಗರೂ ಹೀಗೆ ಮಾಡಲ್ಲ."

ಮಗನ ಮುಖ ಕಪ್ಪಾಯಿತು. ಮರುದಿನ ಬೆಳಿಗ್ಗೆಯೇ ಕಳಸಕ್ಕೆ ಹೋಗಿ, ಬಸ್ ಸ್ಟ್ಯಾಂಡಿನ ಎದುರಿನ ಆ ಅಂಗಡಿಯ ಮುಂದೆ ನಿಂತು, ಬಸ್ಸಿಗೆ ಕಾದವರೆಲ್ಲ ಕೇಳುವ ಹಾಗೆ ಬೈದು ಬಂದ. ಬಂದವನು, "ಒಂದು ಮಾತಾಡಲಿಲ್ಲ ಅಮ್ಮ, ತಪ್ಪಾಗಿದೆ ಅಂತಷ್ಟೇ ಅಂದ್ರು. ತಪ್ಪು ಮಾಡಿದವರು ಮತ್ತೆಂತ ಹೇಳ್ತಾರೆ" ಎಂದ.

ನಾನು ಅಡಿಕೆ ಕತ್ತರಿಸುತ್ತ ಕೂತಿದ್ದೆ. ಡಬ್ಬ ತೊಡೆಯ ಮೇಲೇ ಇತ್ತು. ಮುಚ್ಚಳ ತೆಗೆದು ತೋರಿಸಿದ್ದರೆ ಮುಗಿಯುತ್ತಿತ್ತು. ತೋರಿಸಲಿಲ್ಲ.

ಸಣ್ಣ ಊರು. ಕುದುರೆಮುಖದವರಿಗೆ ಕೆಂಪು ಯಾವುದು ಬಿಳಿ ಯಾವುದು ಗೊತ್ತಿಲ್ಲ ಅನ್ನುವುದು ತಮಾಷೆಯಾಯಿತು. ಮದುವೆ ಮನೆಗಳ ಮೈಕು ಬೇರೆಯವರಿಗೆ ಹೋಯಿತು. ಟಿ.ವಿ.ಗಳು ಮೂಡಿಗೆರೆ ಬಸ್ಸು ಹತ್ತಿದವು. ಪೇಟೆಗೆ ಹೋಗಿ ಬಂದವರೆಲ್ಲ ಇದನ್ನೇ ಹೇಳುತ್ತಿದ್ದರು, ನಾನು ಎಡಗಿವಿಯಲ್ಲಿ ಕೇಳುತ್ತಿದ್ದೆ. ಕೇಳಿ ಹೋಗಿ ಪಲ್ಪರ್ ಓಡಿಸುತ್ತಿದ್ದೆ. ಆ ವರ್ಷದ ಬೀಜ ಒಂದೂ ಕೊಯ್ದಿರಲಿಲ್ಲ. ಮಗ ಹೊಗಳಿದ. ನನಗೆ ಊಟ ಸೇರುತ್ತಿರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಸುಳ್ಳಾಗುತ್ತದೆ. ಚೆನ್ನಾಗಿಯೇ ಸೇರುತ್ತಿತ್ತು.

ಸೀಸನ್ ಮುಗಿದು, ಪಲ್ಪರ್ ತೊಳೆದು ಗ್ರೀಸ್ ಹಚ್ಚಿ ಮುಚ್ಚಿದ ಮೇಲೆ ಕಳಸಕ್ಕೆ ಹೋದೆ. ಅಂಗಡಿಯಲ್ಲಿ ಒಂದೇ ಒಂದು ಇಸ್ತ್ರಿ ಪೆಟ್ಟಿಗೆ ಬಿಚ್ಚಿಟ್ಟುಕೊಂಡು ಕೂತಿದ್ದರು.

"ನೀವು ಎಂತಕ್ಕೆ ಹೇಳಲಿಲ್ಲ?" ಎಂದೆ.

"ನೀವು ಎಂತಕ್ಕೆ ಹೇಳಲಿಲ್ಲ?" ಎಂದರು.

"ಹೇಳಿದ್ರೆ ಪಲ್ಪರ್ ಬಿಡಬೇಕಾಗ್ತಿತ್ತು."

"ಮತ್ತೆ? ನನ್ನ ಕಿವಿ ಹೋದಾಗ ನಾನು ಮಿಲ್ಲಲ್ಲಿ ಹೋಗಿ ಹೇಳಿದೆ. ಒಳ್ಳೇದಕ್ಕೇ ಮಾಡಿದ್ರು, ಮರುದಿನ ಗೇಟಲ್ಲಿ ಕೂರಿಸಿದ್ರು. ನೂರು ಮಗ್ಗದಲ್ಲಿ ಯಾವುದು ಕೆಟ್ಟಿದೆ ಅಂತ ಕಣ್ಣು ಮುಚ್ಚಿ ಹೇಳ್ತಿದ್ದವನು ನಾನು. ಗೇಟಲ್ಲಿ ಕೂತು ಸೈಕಲ್ ಎಣಿಸಿದೆ. ಎರಡು ತಿಂಗಳಿಗೆ ಬಿಟ್ಟು ಬಂದೆ." ಇಸ್ತ್ರಿ ಪೆಟ್ಟಿಗೆಯ ತಿರುಪು ತಿರುಗಿಸಿದರು. "ನಿಮ್ಮನ್ನ ಗೇಟಲ್ಲಿ ಕೂರಿಸೋದು ನನ್ನಿಂದ ಬೇಡ ಅನ್ನಿಸ್ತು."

ಅವರೇ ಮತ್ತೆ ಹೇಳಿದರು, ಸ್ವಲ್ಪ ಸಿಟ್ಟಿನಲ್ಲಿ: "ಬೈದಿದ್ದು ಹೋಗ್ಲಿ ಅಮ್ಮ. ಗೊತ್ತಿಲ್ಲದವ ಆಗಿದ್ರೆ ಸುಮ್ಮನೆ ತಿರುಚುತ್ತಿದ್ದ. ನಾನು ರೆಸಿಸ್ಟರ್ ಹಾಕಿದ್ದೆ. ಅಷ್ಟು ತಿಳಿದ ನಿಮ್ಮ ನೆಂಟರು ಅದನ್ನಾದ್ರೂ ನೋಡಬೇಕಿತ್ತು. ಪಟ್ಟಿಯನ್ನಾದ್ರೂ ಓದಬೇಕಿತ್ತು."

ಪಟ್ಟಿ ಬಿದ್ದುಹೋಗಿರಬೇಕು ಎಂದುಕೊಂಡಿದ್ದರೋ ಏನೋ. ಡಬ್ಬದ ಮುಚ್ಚಳ ತೆಗೆದು ಅವರ ಮೇಜಿನ ಮೇಲಿಟ್ಟೆ. ಓದಿದರು. ತಾವೇ ಬರೆದದ್ದನ್ನು ಎರಡು ಸಲ ಓದಿದರು.

"ಕಿತ್ತಿದ್ದು ನೀವಾ?"

"ನಾನೇ."

ಅವರು ಎದ್ದು ಹೊರಗೆ ಹೋಗಿ ರಸ್ತೆ ನೋಡುತ್ತ ನಿಂತರು. ಹಾಗೆ ಬೆನ್ನು ತೋರಿಸಿ ನಿಂತ ಮನುಷ್ಯನ ಮುಂದೆ ಕೂರುವುದು ಕಷ್ಟ. ನಾನೂ ಎದ್ದೆ. ಬಸ್ಸಿಗೆ ಕಾಯುವವರು ಇಪ್ಪತ್ತು ಮೂವತ್ತು ಜನ ಇದ್ದರು. ಒಂದು ಕಿವಿಯವರ ಗಂಟಲು ಹೇಗೂ ದೊಡ್ಡದು.

"ಇಲ್ಲಿ ಕೇಳಿ ಎಲ್ಲ" ಎಂದೆ. "ನನ್ನ ಬಲಗಿವಿ ಸತ್ತಿದೆ. ನನಗೆ ಕೇಳಲಿ ಅಂತ ಇವರು ಎರಡು ವೈರ್ ಒಂದು ಮಾಡಿದ್ದು. ಬೇಕಂತಲೇ ಮಾಡಿದ್ದು, ಬರೆದೂ ಇಟ್ಟಿದ್ರು. ಬರೆದದ್ದನ್ನ ಕಿತ್ತವಳು ನಾನು. ನನ್ನ ಮಗ ಬೈದದ್ದು ತಪ್ಪು. ಇವರ ಕೆಲಸದಲ್ಲಿ ತಪ್ಪಿಲ್ಲ."

ಹೋಟೆಲಿನವನು ಲೋಟ ಹಿಡಿದುಕೊಂಡೇ ನಿಂತಿದ್ದ. ಕುದುರೆಮುಖದವರ ಕಿವಿ ಕೆಂಪಾಗಿತ್ತು. "ಎಂತ ಅಮ್ಮ ಇದು, ಮೈಕ್ ಬೇರೆ ಹಾಕ್ಲಾ?" ಎಂದರು.

"ಹಾಕಿ. ಆದ್ರೆ ಎಡಕ್ಕೂ ಬಲಕ್ಕೂ ಸರಿಯಾಗಿ ಹಾಕಿ."

ಆಗ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೇಲಿನ ಎರಡು ಹಲ್ಲು ಇಲ್ಲ ಎಂದು ಅವತ್ತು ತಿಳಿಯಿತು.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮಗ ಜಗಲಿಯಲ್ಲೇ ಕಾಯುತ್ತಿದ್ದ. "ನೀನು ಇನ್ನು ಪಲ್ಪರ್ ಮನೆಗೆ ಕಾಲಿಡಬೇಡ" ಎಂದ, ನಾನು ಮೊದಲೇ ಎಣಿಸಿದ್ದೇ. "ಆಯ್ತು. ಮೊದಲು ಹೋಗಿ ಬೈದ ಜಾಗದಲ್ಲೇ ನಿಂತು ಅವರ ಹತ್ತಿರ ಮಾತಾಡು" ಎಂದೆ. ಎರಡು ದಿನ ಬಿಗಿದುಕೊಂಡಿದ್ದ. ಮೂರನೇ ದಿನ ಹೋದ. ಏನು ಮಾತಾಡಿದರೋ, ಜೀಪಿನಲ್ಲಿ ಅವರನ್ನೇ ಕೂರಿಸಿಕೊಂಡು ಬಂದ.

ದೀಪಾವಳಿಯಿಂದ ಯಾರೂ ಮುಟ್ಟದೆ ಹಾಗೇ ಬಿಟ್ಟಿದ್ದ ವೈರಿನ ಬೆಸುಗೆಯನ್ನು ಅವರು ಬಿಚ್ಚಿ, ಕೆಂಪನ್ನು ಬಲಕ್ಕೆ, ಬಿಳಿಯನ್ನು ಎಡಕ್ಕೆ ಬೇರೆ ಮಾಡಿದರು. "ಇನ್ನು ಗುಟ್ಟಿಲ್ಲವಲ್ಲ, ಮನೆಯವರೂ ಸರಿಯಾಗಿ ಕೇಳಲಿ."

"ಮತ್ತೆ ನನಗೆ?"

ನನ್ನ ಕುರ್ಚಿಯನ್ನು ಎತ್ತಿ ಬಲದ ಸ್ಪೀಕರಿನ ಹತ್ತಿರ ತಂದು, ಎಡಗಿವಿ ಮುಂದಕ್ಕೆ ಬರುವ ಹಾಗೆ ಅಡ್ಡ ತಿರುಗಿಸಿಟ್ಟರು. ಕೂತರೆ ಮನೆಯವರ ಮೇಲೆ ಮುನಿಸಿಕೊಂಡು ಕೂತ ಹಾಗೆ ಕಾಣುತ್ತೇನೆ ಎಂದು ಸೊಸೆ ಹೇಳುತ್ತಾಳೆ. ಆದರೆ ಇಬ್ಬರ ಜಗಳವೂ ಕೇಳುತ್ತದೆ.

ಹೊರಡುವಾಗ ಮಗನೇ ಪಲ್ಪರಿನ ಮಾತು ತೆಗೆದ. ಅವರು ಹೇಳಿದ್ದು ಇಷ್ಟು: "ಹೋದ ಸೀಸನ್ ಪೂರ್ತಿ ಒಂದೇ ಕಿವಿಯಲ್ಲಿ ಓಡಿಸಿದಾರೆ. ಎರಡು ಕಿವಿ ಇರೋ ನಿಮಗೆ ಗೊತ್ತಾಯ್ತಾ? ಬಲ್ಬ್ ಇದೆ, ಹಗ್ಗ ಇದೆ, ಜಾಲರಿ ಇದೆ. ಒಬ್ಬ ಆಳನ್ನ ಜೊತೆಗೆ ನಿಲ್ಲಿಸಿ. ಇನ್ನೆಂತ ಬೇಕು?" ಮಗ ಬೇಡ ಎನ್ನಲಿಲ್ಲ. ಮುಂದಿನ ಸೀಸನ್ನಿಗೆ ನಾನು ಹೋದೆ, ಒಬ್ಬ ಆಳು ಜೊತೆಗೆ ನಿಂತ. ಈಗಲೂ ಹಾಗೇ. ಕಿವಿ ನನ್ನದು, ತಿರುಪು ತಿರುಗಿಸುವ ಕೈ ಅವನದು.

ಅವರ ಅಂಗಡಿಗೆ ಮತ್ತೆ ಜನ ಬಂದರು, ಮೊದಲಿನಷ್ಟಲ್ಲ. ಹೋದ ಮೈಕಿನ ಕೆಲಸ ತಿರುಗಿ ಬರಲಿಲ್ಲ. ಅದು ನನ್ನ ಲೆಕ್ಕಕ್ಕೇ. ಅವರು ಅದನ್ನು ಎತ್ತಿ ಆಡಲಿಲ್ಲ, ನಾನೂ ಮರೆತ ಹಾಗೆ ನಟಿಸಲಿಲ್ಲ. ವರ್ಷಕ್ಕೆರಡು ಸಲ ಬಂದು ಕಾಫಿ ಕುಡಿದು, ಕಾಫಿಗೆ ಹೆಸರಿಟ್ಟು, ಗುಂಡಿಗೆ ನೀರು ಹಾಕಿದ್ದೀರಾ ಎಂದು ನೋಡಿ ಹೋಗುತ್ತಿದ್ದರು. ಕೊನೆಗೆ ಮಗಳ ಮನೆಗೆ ಹೋದವರು ಬರಲಿಲ್ಲ.

ಈ ಸಲದ ಕೊಯ್ಲಿನಲ್ಲಿ ಒಂದು ಸಂಜೆ ಪಲ್ಪರ್ ಓಡುತ್ತಿತ್ತು. ಹಸು ಹುಲ್ಲು ಮೆಲ್ಲುವ ಸದ್ದು, ಎಲ್ಲ ಸರಿಯಿತ್ತು. ಆಳು ಹಣ್ಣಿನ ಮೂಟೆ ತರಲು ಹೊರಗೆ ಹೋಗಿದ್ದ. ಕಣ್ಣೆದುರಿಗೆ ಕೆಂಪು ಬಲ್ಬ್ ಉರಿಯಿತು. ಮೋಟಾರ್ ನಿಲ್ಲಿಸಿ ತಿರುಗಿದೆ. ಬಾಗಿಲಲ್ಲಿ ಕಳಸದ ಜೀಪಿನ ಡ್ರೈವರ್ ಹಗ್ಗ ಹಿಡಿದು ನಿಂತಿದ್ದ.

"ಎಂತ ಮಾರಾಯ?"

"ಎರಡು ಸಲ ಕೂಗಿದೆ ಅಮ್ಮ, ನೀವು ತಿರುಗಲಿಲ್ಲ. ಇಲ್ಲಿ ಬರೆದಿತ್ತಲ್ಲ, ಎಳೆದೆ." ಹತ್ತಿರ ಬಂದು ನನ್ನ ಎಡಕ್ಕೆ ನಿಂತ. "ಕುದುರೆಮುಖದವರು ಹೋದ್ರಂತೆ. ಮಗಳು ಫೋನ್ ಮಾಡಿದ್ರು. ನಿಮಗೆ ಹೇಳಬೇಕು ಅಂದ್ರಂತೆ."

ಅವನಿಗೆ ಕಾಫಿ ಕುಡಿದು ಹೋಗು ಎಂದೆ. ಹಣ್ಣು ಕಾಯುವುದಿಲ್ಲ, ಆಳು ಬಂದ ಕೂಡಲೇ ಮೋಟಾರ್ ಮತ್ತೆ ಹಾಕಿಸಿದೆ.

ರಿಸೀವರ್ ಕೆಟ್ಟು ಕೂತಿದೆ, ಮಗ ಗುಜರಿಗೆ ಹಾಕುತ್ತೇನೆ ಅನ್ನುತ್ತಾನೆ. ಹಾಕಲಿ. ಹಗ್ಗದ ತುದಿಯ ಆ ಪಟ್ಟಿ ಮಾತ್ರ ಹೊಗೆ ಹಿಡಿದು ಹಳದಿಯಾಗಿದೆ, ಒಂದು ಮೂಲೆ ಎದ್ದಿದೆ. ಮೊನ್ನೆ ಅನ್ನದ ಗಂಜಿ ಹಚ್ಚಿ ಒತ್ತಿ ಕೂರಿಸಿದೆ.